ಮಂಗಳ ಹಾಡದೆ ಎದ್ದ ಸಂಜೆ

ಘಟಪ್ರಭಾದಿಂದ ಗೋಕಾಕಕ್ಕೆ ಹೋಗುವ ದಾರಿಯಲ್ಲಿರುವ ಆ ಹಳೆಯ ಕಲ್ಲಿನ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಎಲ್ಲ ಊರಿನ, ಎಲ್ಲ ಜಾತಿಯ ಮೇಳಗಳೂ ಸೇರಿ ಹಾಡುತ್ತವೆ. ಅಲ್ಲಿ ಮೆಲ್ಲಗೆ ಹಾಡಿದರೂ ಸಾಕು, ಎತ್ತರದ ಕಮಾನುಗಳು ದನಿಯನ್ನು ಎತ್ತಿಕೊಂಡು ಹೋಗುತ್ತವೆ. ಈ ಸಲ ಸಂಜೆ ಜೋರು ಮಳೆ ಹಿಡಿದು ಕರೆಂಟು ಹೋಯಿತು. ಕೇಳುವ ಮಂದಿ ಇನ್ನೂ ಬಂದಿರಲಿಲ್ಲ. ಮಸಗುಪ್ಪಿಯ ಹೆಂಗಸರ ಮೇಳ ಪಡಸಾಲೆಯಲ್ಲಿ ಒತ್ತಾಗಿ ಕೂತಿತ್ತು.

ವಿದ್ಯಾಳಿಗೆ ಅಳುವುದೊಂದು ಬಾಕಿ. ಮೊದಲ ಸಲ ಮುಂದೆ ನಿಂತು ಹಾಡಬೇಕಾದವಳು ಅವಳು. ಹಿಂದೆ ಸೂರು, ಅಂದರೆ ಶ್ರುತಿ, ಹಿಡಿಯುವ ಚನ್ನವ್ವ ಮಳೆಗೆ ಹತ್ತರಗಿಯಲ್ಲೇ ಸಿಕ್ಕಿಬಿದ್ದಿದ್ದಳು. ಮುಂದಿನವಳು ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ಒಂದು ದನಿ ಕಡಿಯದೆ ಎಳೆಯುತ್ತಲೇ ಇರಬೇಕು. ಅದಿಲ್ಲದಿದ್ದರೆ ವಿದ್ಯಾಳ ಹಾಡು ಹಾದಿ ತಪ್ಪುವುದು ಗ್ಯಾರಂಟಿ.

"ಸೂರಿಲ್ಲದ ನಾ ಹಾಡಂಗಿಲ್ಲ, ಆಯಿ," ಎಂದಳು.

ಮೇಳದ ಹಿರಿಯಳು ಯಲ್ಲಕ್ಕ ಎಲೆಅಡಿಕೆಯನ್ನು ದವಡೆಗೆ ಸರಿಸಿ ನಕ್ಕಳು.

"ಬರ್ರಿ, ಇತ್ತ ಸರದ ಕೂಡ್ರಿ... ನಾ ಮುಂದ ಹಾಡೂ ಕಾಲಕ್ಕ ಹಿಂದ ಸೂರು ಹಿಡಿಯಾಕಿ ಕಾಶೆವ್ವ. ಮಂಗಳ ಆಗೂತನಕ ಸೂರು ಬಿಡಂಗಿಲ್ಲ, ಅದು ನಮ್ಮ ಮೇಳದ ಪದ್ಧತಿ, ನಿಮಗೂ ಗೊತ್ತೈತಿ. ಒಂದ ವರ್ಷ ಇದ ಚರ್ಚಿನಾಗ ಪದ ಮುಗೀತೋ ಇಲ್ಲೋ, ಮಂದಿ ಎದ್ದ ನಿಂತು ಚಪ್ಪಾಳಿ ಬಡಿಯಾಕ ಹತ್ತಿದ್ರು, ಆ ಸಪ್ಪಳ ಕಮಾನಿನಾಗ ತಿರುಗಿ ತಿರುಗಿ... ನಮಗೆಲ್ಲಾ ಹಿಗ್ಗಿಗಿ ತಲಿ ನಿಲ್ಲಲಿಲ್ಲ, ಕೈ ಮುಗದು ಬಸ್ಸಿಗಿ ಓಡಿದ್ವಿ. ಮಂಗಳ ಹಾಂಗ ಉಳೀತು. ಅದ ಮಳಿಗಾಲದಾಗ ಜ್ವರ ಬಂದು ಕಾಶೆವ್ವ ಹೋದಳು.

"ಮರುವರ್ಷ ಇಲ್ಲಿ ಫಾದರ್ ಹೇಳಿ ಕಳಿಸಿದ್ರು, ಯಲ್ಲಕ್ಕಾ, ಒಳಗ ಒಂದ ದನಿ ಐತಿ, ಮಾತಿಲ್ಲ ಕತಿಯಿಲ್ಲ, ಬರೇ ಎಳೀತೈತಿ, ಬಂದ ನೋಡ್ರಿ ಅಂತ. ಬಂದ್ನಿ. ಹಾಡಹಗಲ, ಒಂದ ನರಪಿಳ್ಳಿ ಇಲ್ಲ... ಆದ್ರ ಆ ದನಿ? ತಂಬಾಕ ತಿಂದು ತುಸು ಒಡದಿದ್ದ ಆ ದನಿ ನನಗ ಗುರ್ತ ಸಿಗಂಗಿಲ್ಲೇನ್ರಿ? ಜೀವ ಇದ್ದಾಕಿ ನಡುವ ಉಸುರು ತಗೋಬೇಕು, ಸತ್ತಾಕಿಗಿ ಅದ್ಯಾಕ ಬೇಕು? ಸತ್ತರೂ ಮಂಗಳಕ್ಕ ಕಾಯಾಕತ್ತಿದ್ದಳು ನನ ಗೆಳತಿ. ಕರುಳ ಕಿತ್ತಬಂತು. ನಿಂತಲ್ಲೇ ಮಂಗಳ ಹಾಡಿದ್ನಿ. ಕಡೀ ಸಾಲಿಗಿ ಸೂರು ನಿಂತ ಹೋತು... ಎದಿಮ್ಯಾಗಿನ ಕಲ್ಲ ಇಳದಾಂಗ ಆತು ನೋಡ್ರಿ. ಇನ್ನ ಸುಖದಿಂದ ಹೋಗವಾ ಅಂತ ಕೈ ಮುಗದು ಹೊಳ್ಳಿದ್ನಿ... ಹಿಂದಿಂದ ಕೇಳಿದಳು, ಮುಂದಿನ ಪದ ಯಾವ್ದ, ಅಕ್ಕಾ?"

ಹೆಂಗಸರೆಲ್ಲ ಹೋ ಎಂದು ನಕ್ಕರು. ವಿದ್ಯಾಳೂ ನಕ್ಕಳು, ನಗುತ್ತಲೇ ತನ್ನ ಪದದ ಮೊದಲ ಸಾಲು ಗುನುಗಿದಳು. ದನಿ ಜಾರಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಹಿಡಿದಾಗಲೂ ಇದ್ದಲ್ಲೇ ಇತ್ತು. ಎಷ್ಟು ಸಮಾಧಾನವಾಯಿತೆಂದರೆ ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕರೆಂಟೂ ಬಂದು, ಬಾಗಿಲಾಚೆ ಖಾಲಿ ಬೆಂಚುಗಳು ಬೆಳಕಿನಲ್ಲಿ ಕಂಡವು.

"ಇನ್ನ ಚಿಂತಿ ಇಲ್ಲ ಆಯಿ," ಎಂದಳು. "ಈ ಮಳಿ ಸಪ್ಪಳಕ್ಕ ಸೂರು ಹೊಂದಿಸಿಕೊಂಡ್ನಿ."

ಯಲ್ಲಕ್ಕ ಮೊಣಕಾಲು ಹಿಡಿದು ಮೇಲೆದ್ದಳು.

"ಮಳಿ ನಿಂತು ಭಾಳ ಹೊತ್ತಾತಲ್ಲ, ತಂಗಿ... ಏಳ್ರಿ, ಆಕಿನ್ನ ಕಾಯಸಬ್ಯಾಡ್ರಿ."