ಹನ್ನೊಂದು ಗಂಟೆಯ ಉಷ್ಣಾಂಶ

ತಲೆ ಯಾಕೆ ಅಲ್ಲಾಡಿಸ್ತೀಯ ಭಾಗ್ಯ? ನಿಜಾನೇ ಕಣೇ ನಾನು ಹೇಳ್ತಿರೋದು... ನಮ್ಮ ಹೆಡ್‌ಮಾಸ್ಟರ್ ರಘುರಾಮ್‌ಗೆ ಒಂದೇ ಮಾತು ಬರೋದು. "ಬಿಸಿಲು ಯಾವ ಕಾಲದಲ್ಲಿ ಇರ್ಲಿಲ್ಲ ಮೇಡಂ?" ಹವಾಮಾನ ಬದಲಾಗ್ತಿದೆ ಅನ್ನೋದು ಟಿವಿಯವರ ಕಟ್ಟುಕತೆಯಂತೆ! ನಿಮ್ಮಮ್ಮ ಶಿವಗಂಗಮ್ಮೋರು ಈ ಶಾಲೆಯ ತಗಡಿನ ಅಡುಗೆಮನೇಲಿ, ಸಾರಿನ ಪಾತ್ರೆ ಮುಂದೇನೇ ಕುಸಿದು ಪ್ರಾಣ ಬಿಟ್ಟು ಹದಿನೈದು ದಿನ ಆಯ್ತು. ಈಗಲೂ ಆಸಾಮಿ "ವಯಸ್ಸಾಗಿತ್ತು" ಅಂತಾನೆ. ಐವತ್ತೆರಡು ಒಂದು ವಯಸ್ಸೇನೇ?

ಅನುಮಾನ ಪಡೋದು ಬೇರೆ, ಒಪ್ಪೋದೇ ಇಲ್ಲ ಅನ್ನೋದು ಬೇರೆ. ಎಂಟನೇ ಕ್ಲಾಸಲ್ಲಿ ವಿಜ್ಞಾನ ಪಾಠದಲ್ಲಿ ನಿನಗೂ ಹೇಳಿದ್ದೆನಲ್ಲ... ಅನುಮಾನ ಬಂದ್ರೆ ಪರೀಕ್ಷೆ ಮಾಡಬೇಕು, ಪರೀಕ್ಷೆ ಹೇಳಿದ್ದನ್ನ ಒಪ್ಪಬೇಕು. ನಾನೂ ಅನುಮಾನ ಪಟ್ಟೆ. ಹನ್ನೊಂದು ಗಂಟೆಗೇ ಮೂವತ್ತೆಂಟು ಡಿಗ್ರಿ! ನಮ್ಮ ಹಾರನಹಳ್ಳೀಲಿ! ಥರ್ಮಾಮೀಟರ್ ಕೆಟ್ಟಿದೆ ಅಂದ್ಕೊಂಡೆ. ಇನ್ನೂ ನೆರಳಿರೋ ಕಡೆ ಹಾಕಿದೆ. ಅರಸೀಕೆರೆಯಿಂದ ಹೊಸದು ತಂದು ಪಕ್ಕದಲ್ಲೇ ನೇತುಹಾಕಿದೆ. ಎರಡೂ ಮೂವತ್ತೆಂಟು.

ಹ್ಞೂ... ಎರಡೂ.

ಅದೇನು ಹಾಗೆ ತಿರುವಿ ಹಾಕ್ತಿದ್ದೀಯ? ಅದು ಉಷ್ಣಾಂಶದ ಪುಸ್ತಕ. ದಿನಾ ಅದರಲ್ಲಿ ಬರೆದು, ಆಮೇಲೆ ಹೊರಗಿನ ಬೋರ್ಡಿಗೆ ಬರೀತೀನಿ. ಮೂವತ್ತಾರು ದಾಟಿದ್ರೆ ಹೊಂಗೆ ಮರದ ಕೆಳಗೆ ಅಡುಗೆ, ಇಲ್ಲಾಂದ್ರೆ ಒಳಗೆ. ನಾನೇ ಮಾಡಿಸಿದ ನಿಯಮ. ಹೆಡ್‌ಮಾಸ್ಟರ್ ಹತ್ರ ಜಗಳ ಆಡಿ ಮಾಡಿಸಿದ್ದು, ಗೊತ್ತಾ?

...ಆ ಪುಟ ಬೇಡ. ಕೊಡೇ ಇಲ್ಲಿ.

ರಬ್ಬರಲ್ಲಿ ಉಜ್ಜಿದ್ದು ಕಾಣತ್ತಾ? ...ಹೌದು. ಮೂವತ್ತೆಂಟು ಅಳಿಸಿ ಮೂವತ್ನಾಲ್ಕು. ನನ್ನದೇ ಅಕ್ಷರ. ಹೋದ ವರ್ಷದ ಮಾರ್ಚ್ ಪುಟ ನೋಡ್ಕೊಂಡು ಬರೆದೆ... ಒಂದು ದಿನ ಅಲ್ಲ, ಒಂಬತ್ತು ದಿನ. ಎರಡೂ ಥರ್ಮಾಮೀಟರ್ ಕೆಟ್ಟಿರಬಹುದು ಅಂದ್ಕೊಂಡೆ. ಅಂದ್ಕೊಂಡೆನಾ? ...ಹೆದರ್ಕೊಂಡೆ ಕಣೇ. ಮೂವತ್ತೆಂಟು ನಿಜ ಅಂತಾದ್ರೆ, ಇನ್ನು ಮುಂದೆ ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ...

ಏನಾದ್ರೂ ಅನ್ನೇ. ಬೈಯೇ.

ಅವತ್ತು ನಿಮ್ಮಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡು ಇದೇ ಬಾಗಿಲಿಗೆ ಬಂದ್ರು. "ಮೇಡಂನೋರೇ, ಒಳಗೆ ನಿಲ್ಲಕ್ಕಾಯ್ತಿಲ್ಲ. ಇವತ್ತೂ ಮೂವತ್ನಾಲ್ಕೇನಾ?" ನಾನು ಬೋರ್ಡಿನ ಕಡೆ ಕೈ ತೋರಿಸಿದೆ, ಅಷ್ಟೇ. ಅವರು ಅದನ್ನೇ ಒಂದು ಸಲ ನೋಡಿ... "ಹಂಗಾದ್ರೆ ನಂಗೇ ಏನೋ ಆಗೈತೆ ಬಿಡಿ" ಅಂದು ಒಳಗೆ ಹೋದ್ರು.