ಮುಟ್ಟಬೇಡ ಎಂದ ತಾಯಿ

ಇಲ್ಲಿ ಸೇರಿರುವ ಹಿರಿಯರಿಗೆ, ಲ್ಯಾಬಿನ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವ ದೊಡ್ಡಕ್ಕನ ಮಗಳಿಗೆ — ನಮಸ್ಕಾರ. ನಾನು ದೊಡ್ಡಕ್ಕನ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದವಳು. ರೋಗಿಗಳ ಮೈಯಿಂದ ಬಂದ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಸಾಯುತ್ತವೆ ಎಂದು ನೋಡುವುದು ನಮ್ಮ ಕಸುಬು.

ದೊಡ್ಡಕ್ಕ ಬೆಳಿಗ್ಗೆ ಬಂದವರೇ ಗಾಜಿನ ತಟ್ಟೆಯನ್ನು ಕಿಟಕಿಗೆ ಹೀಗೆ — ಹೀಗೆ ಎತ್ತಿ ಹಿಡಿಯುತ್ತಿದ್ದರು. ಔಷಧಿ ಗೆದ್ದಿದ್ದರೆ, ತಟ್ಟೆಯಲ್ಲಿಟ್ಟ ಅದರ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ತಿಳಿಯಾದೊಂದು ಬಳೆ. ಚಂದ್ರ ಗುಡಿ ಕಟ್ಟಿದ ಹಾಗೆ. ನೋಡುತ್ತ ನೋಡುತ್ತ ಎಲ್ಲೋ ತೇಲಿಹೋಗುತ್ತಿದ್ದರು. ಕಾಫಿ ಆರಿ ಕಲಗಚ್ಚಾಗುತ್ತಿತ್ತು!

"ಔಷಧಿ ಕುಡಿದೂ ಉಳ್ಕೊಂಡ ಬ್ಯಾಕ್ಟೀರಿಯಾ ಸುಮ್ನಿರಲ್ಲ ಕಣೇ. ಆ ವಿದ್ಯೆನ ಮಕ್ಕಳಿಗಷ್ಟೇ ಅಲ್ಲ, ಪಕ್ಕದ್ದಕ್ಕೂ ಕೊಡುತ್ತೆ. ಕುಲ ಗೋತ್ರ ಕೇಳಲ್ಲ! ನಾವೋ, ಪಕ್ಕದ ಮನೆಗೆ ಕಡ್ಡಿಪೆಟ್ಟಿಗೆ ಕೊಡೋಕೂ ಹಿಂದೆಮುಂದೆ ನೋಡ್ತೀವಿ" ಎನ್ನುತ್ತಿದ್ದರು.

ದೊಡ್ಡಕ್ಕನಿಗೇ ಒಂದು ಆಪರೇಷನ್ ಆಯಿತು; ಆಮೇಲೆ ಅಂಥದ್ದೇ ಒಂದು ಅವರ ರಕ್ತ ಸೇರಿತು. ತಟ್ಟೆ ಎತ್ತಿ ಹಿಡಿದವಳು ನಾನು. ಎಲ್ಲ ಔಷಧಿ ಸೋತಮೇಲೆ ಕೊನೆಗೆ ಉಳಿಯುವ ಒಂದಿದೆಯಲ್ಲ — ಅದರ ಸುತ್ತಲೂ ಬಳೆ ಇರಲಿಲ್ಲ. ಹೋಗಿ ಹೇಳಿದರೆ, "ಇದನ್ನೂ ಕಲ್ತ್ಬಿಟ್ವಾ? ಜಾಣಮರಿಗಳು!" ಅಂತ ನಕ್ಕರು. ನನಗೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ.

ಮಗಳೇ, ನಿನ್ನೆ ನೀನು ಕೇಳಿದೆ — "ಚಿಕ್ಕಮ್ಮ, ಗ್ಲೌಸ್ ಹಾಕ್ಕೊಂಡು ಬರ್ತೀನಿ ಅಂದ್ರೂ ಅಮ್ಮ ವಾರ್ಡಿನೊಳಗೆ ಬಿಡ್ಲಿಲ್ಲ. ಕೊನೇವರೆಗೂ ಮುಟ್ಬೇಡ ಅಂದ್ಬಿಟ್ಲು. ನಾನೇನ್ ತಪ್ಪು ಮಾಡಿದ್ದೆ?"

ಏನೂ ಇಲ್ಲ ಕಂದಾ. ಆ ಬ್ಯಾಕ್ಟೀರಿಯಾ ಕೈಯಿಂದ ಕೈಗೆ ಹೋಗುತ್ತದೆ. ನಿನ್ನ ಜೊತೆ ಮನೆಗೆ ಬಂದು, ಸದ್ದಿಲ್ಲದೆ ಈ ಹಾಲುಗೂಸಿನ ಹೊಟ್ಟೆ ಸೇರಿದ್ದರೆ? ಅವರಿಗಿದ್ದದ್ದು ಅದೊಂದೇ ಭಯ.

ಒಂದು ಮಧ್ಯಾಹ್ನ ನೀನು ಗಾಜಿನ ಬಾಗಿಲಾಚೆ, ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋಗಿದ್ದೆ. ಮುಖದ ಮೇಲೆ ಬಿಸಿಲಿತ್ತು. ದೊಡ್ಡಕ್ಕ ಬಹಳ ಹೊತ್ತು ನೋಡಿದರು — ಬಹಳ ಹೊತ್ತು. ಆಮೇಲೆ, ಒಳಗೆ ಅವರ ಪಕ್ಕದಲ್ಲಿದ್ದ ನನಗೆ, "ಒಂದ್ ಕೆಲ್ಸ ಮಾಡ್ತೀಯೇನೇ? ಈ ಗೌನು, ಗ್ಲೌಸು ಎಲ್ಲಾ ಬಿಚ್ಚಿ ಆಚೆ ಹೋಗು. ಕೈ ಚೆನ್ನಾಗಿ ತೊಳ್ಕೊ, ಉಗುರು ಸಂದಿ ಬಿಡ್ಬೇಡ. ಆಮೇಲೆ ಅವಳ ತಲೆ ಸವರು. ನಾನಿಲ್ಲಿಂದ ನೋಡ್ತಿರ್ತೀನಿ" ಎಂದರು.

ಸವರಿದೆ. ನೀನು ನಿದ್ದೆಯಲ್ಲೇ "ಅಮ್ಮಾ" ಅಂದೆ. ನಾನು ಸವರುತ್ತಲೇ ಇದ್ದೆ. ಗಾಜಿನೊಳಗೆ ಅವರ ಕೈ ಗಾಳಿಯಲ್ಲೇ ಆಡುತ್ತಿತ್ತು — ಹೀಗೆ, ಮೆಲ್ಲಗೆ.

ಇನ್ನು ನನ್ನಿಂದಾಗದು. ದಯವಿಟ್ಟು ಎಲ್ಲರೂ ಎದ್ದು, ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ.

ಮಗಳೇ, ನೀನು ಏಳಬೇಡ — ಕೂಸು ಮಲಗಿದೆ.