ಅವಳ ಅಳತೆಯ ಸ್ಟೀರಿಂಗ್

...ಅಯ್ಯೋ, ಬೇಡ ಬೇಡ, ಆ ದಿಂಬು ತೆಗೀಬೇಡ ಡಾಕ್ಟ್ರೇ! ಡ್ರೈವರ್ ಸೀಟಿನ ಮೇಲೇ ಇರ್ಲಿ. ಅದಿಲ್ದೆ ನಮ್ಮನೆಯವಳಿಗೆ ಬಾನೆಟ್ಟೂ ಕಾಣಲ್ಲ, ರೋಡೂ ಕಾಣಲ್ಲ. ಯಾಕೆ, ಇವತ್ತು ನಗು ಬರ್ಲಿಲ್ವಾ? ಯಾವಾಗ್ಲೂ ಈ ಮಾತಿಗೆ ನೀನು ಬಿದ್ದು ಬಿದ್ದು ನಗ್ತಿದ್ದೆ! ಊರೆಲ್ಲ ನಿನ್ನ ಮೆಕ್ಯಾನಿಕ್ ಅಂದ್ರೆ, ಅವಳಿಗೆ ಮಾತ್ರ "ನಮ್ಮ ಕಾರಿನ ಡಾಕ್ಟ್ರು". ಈಗ ನನ್ನ ಬಾಯಲ್ಲೂ ಅದೇ ಕೂತ್ಬಿಟ್ಟಿದೆ.

ಏನು ಹೇಳ್ತಿದ್ದೆ? ಹ್ಞಾಂ, ಸ್ಟೀರಿಂಗ್ ಕಾಲಂ. ಹಳೇದು ಇಷ್ಟೇನಾ? ಸ್ಟೀರಿಂಗಿಂದ ಕೆಳಗೆ ಇಳಿಯೋ ಒಂದು ಕಂಬಿ! ತಿರುವು ಬಂದ್ರೆ ಸಾಕು, ಕಟಕಟ ಅಂತಿತ್ತು. "ಏನೋ ಸದ್ದು ಬರ್ತಿದೆ ಕಣೇ" ಅಂದ್ರೆ, "ನಿಮ್ಮ ಮಂಡಿ ಇರ್ಬೇಕು, ಸುಮ್ನಿರಿ" ಅಂತಾಳೆ. ನೋವು ಅವಳ ಮಂಡೀಲಿ, ಹೆಸರು ನನ್ನದು!

ಗುಜರಿಗೆ ಹಾಕ್ಬೇಡ ಅದನ್ನ. ಸ್ಟೀರಿಂಗ್ ಸಮೇತ ನಂಗೇ ಕೊಡು. ಯಾಕೆ ಅಂದ್ರೆ... ಅವಳಿಗೆ ಬೇಕಂತೆ. ನೋಡಿಲ್ಲಿ, ಇಲ್ಲಿ ಹೆಂಗೆ ಸವೆದು ನುಣ್ಣಗಾಗಿದೆ. ಅವಳ ಎಡಗೈ ಇಲ್ಲಿ... ಬಲಗೈ ಇಲ್ಲಿ.

ಕ್ರೂಸ್ ಕಂಟ್ರೋಲ್ ಬಟನ್ ಇದೇನಾ? ಇದನ್ನ ಒತ್ತಿದ್ರೆ ಕಾಲು ತೆಗೆದ್ರೂ ಗಾಡಿ ಅದೇ ಸ್ಪೀಡಲ್ಲಿ ಹೋಗ್ತಾ ಇರುತ್ತೆ? ಅದೇ, ಅದೇ ಬೇಕಿತ್ತು ಅವಳಿಗೆ. ಸಮುದ್ರದ ತನಕ ಒಂದೇ ಉಸಿರಿಗೆ ಹೋಗ್ಬೇಕು ಅಂತ ಆಸೆ, ಅರ್ಧ ದಾರೀಲೇ ಬಲಮಂಡಿ ಹಿಡ್ಕೊಳ್ಳುತ್ತೆ. ನಾನು ಓಡಿಸ್ತೀನಿ ಅಂದ್ರೆ ಬಿಡ್ತಾಳಾ? ಕಾಲಿಗೆ ಬಿದ್ರೂ ಸ್ಟೀರಿಂಗ್ ಕೊಡಲ್ಲ! "ನೀವು ದಾರಿ ಹೇಳಿ ಸಾಕು" ಅಂತಾಳೆ. ಹೇಳಿದ್ರೆ, "ಊರಿಗೆಲ್ಲ ಒಂದು ದಾರಿ, ಎಡವಟ್ಟನಿಗೇ ಒಂದು ದಾರಿ" ಅಂತ ಬೈತಾಳೆ.

ಇಲ್ಲ, ಇವತ್ತು ಬಂದಿಲ್ಲ. ಮನೇಲಿದ್ದಾಳೆ. ಸ್ವಲ್ಪ ಸುಸ್ತು ಅಷ್ಟೇ. ಸಂಜೆ ಬಂದು ಅವಳೇ ಓಡಿಸಿ ನೋಡ್ತಾಳೆ... ನೀನು ಕೇಳಿಲ್ವಾ? ಕೇಳಿದಂಗಾಯ್ತು. ಅದ್ಯಾಕೆ ಕೈ ಒರೆಸ್ತಾನೇ ಇದ್ದೀಯಾ? ಆಗ್ಲೇ ಒರೆಸಿ ಆಯ್ತಲ್ಲ.

ಮುಗೀತಾ? ನಾನು ಕೂತು ನೋಡ್ಲಾ? ದಿಂಬು ಒಂದ್ನಿಮಿಷ ಹಿಡ್ಕೋ... ಅರೆ! ಮಂಡಿ ತಾಗ್ತಾ ಇಲ್ವಲ್ಲ! ಈ ಸೀಟಲ್ಲಿ ಕೂತಾಗೆಲ್ಲ ಸ್ಟೀರಿಂಗಿಗೆ ಮಂಡಿ ಬಡೀತಿತ್ತು. ಸ್ಟೀರಿಂಗ್ ಮೇಲಕ್ಕೆ ಏರಿಸಿದ್ದೀಯಾ? ಸೀಟನ್ನೂ ಹಿಂದಕ್ಕೆ ತಳ್ಳಿದ್ದೀಯಾ? ಕನ್ನಡೀಲಿ ಹಿಂದಿನ ರೋಡೂ ಸರಿಯಾಗಿ ಕಾಣ್ತಿದೆ... ನಂಗೆ.

ತಪ್ಪು ಮಾಡಿದ್ಯಲ್ಲೋ. ಇದು ನನ್ನ ಅಳತೆ. ಏನೇ ರಿಪೇರಿ ಆದ್ರೂ ಕೊನೇಲಿ ಸ್ಟೀರಿಂಗ್ ಇಳಿಸಿ, ಅವಳ ಅಳತೆಗೆ ಕೂರಿಸಿ ಕೊಡ್ತಿದ್ದೋನು ನೀನು. ಇವತ್ತು ಮರೆತ್ಯಾ? ಹಿಂಗಿದ್ರೆ ಅವಳು ಹೆಂಗೆ ಓಡಿಸ್ತಾಳೆ? ಇಳಿಸು ಅಂದೆ... ಇಳಿಸೋ! ಯಾಕೋ ಸ್ಪ್ಯಾನರ್ ಕೆಳಗಿಟ್ಟೆ? ನಾನು ಏನೂ ಹೇಳ್ದೇನೇ ನಿಂಗೆ ಹೆಂಗೆ ಗೊತ್ತಾಯ್ತು...

ಓ.

ಅವತ್ತು ಆಸ್ಪತ್ರೆ ಗೇಟಿನ ಹತ್ರ, ಗ್ರೀಸ್ ಮೆತ್ತಿದ ಅಂಗೀಲೇ ಜನರ ಹಿಂದೆ ನಿಂತಿದ್ದೋನು... ನೀನೇನಾ? ಒಳಗೆ ಬಂದು ಅವಳ ಮುಖ ನೋಡಿದ್ಯಾ? ಮತ್ತೆ ಬೆಳಿಗ್ಗೆಯಿಂದ ನಾನು ಮನೇಲಿದ್ದಾಳೆ, ಸಂಜೆ ಬರ್ತಾಳೆ ಅಂತ ಬುರುಡೆ ಬಿಡ್ತಿದ್ರೆ... ಎಲ್ಲಾ ನಿಜ ಅನ್ನೋ ಹಂಗೆ ಕೇಳ್ಕೊಂಡು ನಿಂತ್ಯಲ್ಲೋ!

ಮನೇಲಿ ಹಂಗೆ ಹೇಳೋಕಾಗಲ್ಲ ಕಣೋ. ಮಗಳಿದ್ದಾಳೆ, ಅಕ್ಕಪಕ್ಕದವರಿದ್ದಾರೆ, ಬಾಯಿ ಬಿಟ್ರೆ ಎಲ್ಲ ಅಳ್ತಾರೆ. ನಿನ್ನ ಈ ಶೆಡ್ಡಲ್ಲಿ ಮಾತ್ರ ಅವಳು ಇನ್ನೂ ಇದ್ಲು. ಅದಕ್ಕೇ ಬಂದೆ. ಅಯ್ಯೋ, ನೀನ್ಯಾಕೋ ಅಳ್ತೀಯಾ? ನೀನೂ ಅತ್ರೆ ನಾನೆಲ್ಲಿಗೆ ಹೋಗ್ಲಿ?

ಒಂದು ಉಪಕಾರ ಮಾಡು ತಮ್ಮಾ. ಒಂದೇ ಒಂದ್ಸಲ ಅವಳ ಅಳತೆಗೆ ಇಳಿಸು. ಸೀಟು ಮುಂದಕ್ಕೆ ಎಳಿ... ಇನ್ನೂ ಸ್ವಲ್ಪ. ದಿಂಬು ಇಡು. ನಾನು ಈ ಕಡೆ ಬಂದು ನನ್ನ ಜಾಗದಲ್ಲಿ ಕೂತ್ಕೋತೀನಿ. ಸ್ವಲ್ಪ ಹೊತ್ತು. ಆಮೇಲೆ ಮೇಲಕ್ಕೆ ಏರಿಸು, ಒಬ್ಬನೇ ಓಡಿಸೋದು ಕಲೀತೀನಿ.

ಹ್ಞಾಂ... ಅಷ್ಟೇ, ಅಷ್ಟೇ. ಈಗ ಬಾಗಿಲು ಹಾಕು.